ಮನೆಯವರೆಲ್ಲ ಒಂದೇ ಪಿಎನ್‌ಆರ್‌ನಲ್ಲಿರಲಿ

ಬೇಸಿಗೆ ರಜೆ ಶುರುವಾಯಿತೆಂದರೆ ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಕಚೇರಿಗೆ ಬರುವವರಲ್ಲಿ ಸುಮಾರು ಜನ ವಿಮಾನದ ಟಿಕೆಟ್ ಮಾಡಿಸಲು ಬಂದವರಲ್ಲ. ಟಿಕೆಟ್ ತಾವೇ ಮಾಡಿಕೊಂಡಿರುತ್ತಾರೆ. ನಾಡಿದ್ದು ಹೊರಡಬೇಕು ಎನ್ನುವಾಗ ಮೊಬೈಲ್ ಹಿಡಿದುಕೊಂಡು ಬರುತ್ತಾರೆ. "ಎಂತದು ಮಾರಾಯ್ರೆ ಇದು, ಪಾಪಂಗೆ 27ಬಿ ಕೊಟ್ಟಿದಾರೆ, ಅವಳಮ್ಮಂಗೆ 11ಇ. ಐದು ವರ್ಷದ ಕೂಸು, ಒಬ್ಳೇ ಕೂರ್ತಾಳಾ?"

ಕೂರುವುದಿಲ್ಲ, ಕೂರಿಸಲೂಬಾರದು. ಆದರೆ ನಾನು ಮೊದಲು ಕೇಳುವುದು ಸೀಟಿನ ಮಾತಲ್ಲ. "ಪಿಎನ್‌ಆರ್ ಎಷ್ಟು?" ಅಂತ ಕೇಳುತ್ತೇನೆ, ಅಂದರೆ ಒಂದೊಂದು ಬುಕಿಂಗಿಗೂ ಸಿಗುವ ಗುರುತಿನ ಸಂಖ್ಯೆ ಎಷ್ಟಿವೆ ಅಂತ. "ಎರಡು" ಅನ್ನುತ್ತಾರೆ. ಯಾಕೆ ಎರಡು ಅಂದರೆ, ಐದೂ ಜನರನ್ನು ಒಟ್ಟಿಗೆ ಹಾಕಿದಾಗ ದರ ಜಾಸ್ತಿ ತೋರಿಸಿತು, ಇಬ್ಬರನ್ನು ಬೇರೆ ಮಾಡಿದಾಗ ಕಡಿಮೆಯಾಯಿತು. ಇಷ್ಟು ವರ್ಷಗಳಲ್ಲಿ ಈ ಉತ್ತರವನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ.

ಅವರು ಕಂಡದ್ದು ಸುಳ್ಳಲ್ಲ. ಒಂದೇ ವಿಮಾನದ ಸೀಟುಗಳನ್ನು ಕಂಪನಿಗಳು ಬೇರೆ ಬೇರೆ ದರದ ಮೆಟ್ಟಿಲುಗಳಲ್ಲಿ ಇಟ್ಟು ಮಾರುತ್ತವೆ. ಕೆಳಗಿನ ಮೆಟ್ಟಿಲಲ್ಲಿ ಎರಡೇ ಸೀಟು ಉಳಿದಿದ್ದು ನೀವು ಐದು ಕೇಳಿದರೆ, ಸಾಮಾನ್ಯವಾಗಿ ಐದಕ್ಕೂ ಮೇಲಿನ ಮೆಟ್ಟಿಲಿನ ದರ ಬರುತ್ತದೆ. ಇಬ್ಬರನ್ನು ಒಡೆದು ಹಾಕಿದರೆ ಆ ಎರಡು ಅಗ್ಗದ ಸೀಟು ಸಿಗುತ್ತವೆ, ಸಾವಿರವೋ ಎರಡು ಸಾವಿರವೋ ಉಳಿಯುತ್ತದೆ. ಇದು ಜಾಣತನವೇ. ಆದರೆ ಯಾರನ್ನು ಯಾರಿಂದ ಒಡೆಯುತ್ತಿದ್ದೇವೆ ಅನ್ನುವುದನ್ನು ಆ ಹೊತ್ತಿನಲ್ಲಿ ಯಾರೂ ನೋಡುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಎಷ್ಟು ಹೇಳಿದರೂ ತಲೆಗೆ ಹೋಗದಿರುವುದು ಇದೊಂದೇ. ವಿಮಾನ ಕಂಪನಿಯ ಕಂಪ್ಯೂಟರಿಗೆ ನಿಮ್ಮ ಸಂಬಂಧ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಪಿಎನ್‌ಆರ್ ಮಾತ್ರ. ಆ ಆರು ಅಕ್ಷರಗಳ ಒಳಗೆ ಯಾರಿದ್ದಾರೋ ಅವರು ಒಂದು ಗುಂಪು, ಹೊರಗಿದ್ದವರು ಪರರು. ಎರಡೂ ಬುಕಿಂಗಿಗೆ ಒಂದೇ ಮೊಬೈಲ್ ನಂಬರ್ ಕೊಟ್ಟಿದ್ದೀರಿ, ಒಂದೇ ಕಾರ್ಡಿನಲ್ಲಿ ದುಡ್ಡು ಕಟ್ಟಿದ್ದೀರಿ, ಎರಡು ನಿಮಿಷದ ಅಂತರದಲ್ಲಿ ಮಾಡಿದ್ದೀರಿ. ಸೀಟು ಹಂಚುವಾಗ ಅದ್ಯಾವುದನ್ನೂ ನೆಚ್ಚಿಕೊಳ್ಳುವಂತಿಲ್ಲ. ಹೆಸರು ನೋಡಿ ತಿಳಿದುಕೊಳ್ಳಲಿ ಅಂದರೆ ನಮ್ಮ ಕಡೆಯ ಹೆಸರುಗಳು ಹೇಗಿರುತ್ತವೆ ಹೇಳಿ. ಅಪ್ಪನಿಗೆ ಊರಿನ ಇನಿಶಿಯಲ್ಲು, ಅಮ್ಮನಿಗೆ ತವರಿನದು, ಮಗುವಿನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಒಂದೇ ಮನೆಯ ನಾಲ್ಕು ಜನರ ನಾಲ್ಕು ಹೆಸರಿಗೂ ತಾಳೆ ಇರುವುದಿಲ್ಲ.

ಇನ್ನೊಂದು ತಪ್ಪು ಇದರ ಜೊತೆಗೇ ಬರುತ್ತದೆ. ಕಡಿಮೆ ದರದ ವಿಮಾನಗಳಲ್ಲಿ ಎರಡು ವರ್ಷ ದಾಟಿದ ಮಗುವಿಗೂ ಹೆಚ್ಚುಕಡಿಮೆ ದೊಡ್ಡವರಷ್ಟೇ ದರ. "ದರ ಒಂದೇ ಅಲ್ವಾ" ಅಂತ ಮಗುವನ್ನೂ ದೊಡ್ಡವರ ಕಾಲಂನಲ್ಲಿ ಹಾಕುತ್ತಾರೆ. ಆ 27ಬಿ ಕೂಸಿನ ಕತೆಯೂ ಅದೇ ಆಗಿತ್ತು. ಕಂಪ್ಯೂಟರಿನ ಪ್ರಕಾರ ಅಲ್ಲಿ ಮಗುವೇ ಇರಲಿಲ್ಲ. ವಯಸ್ಕ ಪ್ರಯಾಣಿಕರೊಬ್ಬರಿದ್ದರು.

2024ರ ಏಪ್ರಿಲ್‌ನಲ್ಲಿ ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯ, ಒಂದು ಒಳ್ಳೆಯ ನಿರ್ದೇಶನ ಕೊಟ್ಟಿತು. 12 ವರ್ಷದವರೆಗಿನ ಮಕ್ಕಳಿಗೆ ತಂದೆ, ತಾಯಿ ಅಥವಾ ಪೋಷಕರಲ್ಲಿ ಕನಿಷ್ಠ ಒಬ್ಬರ ಜೊತೆ ಸೀಟು ಕೊಡಬೇಕು, ಅದರ ದಾಖಲೆಯನ್ನೂ ಇಡಬೇಕು ಎಂದು. ಪೇಪರಿನಲ್ಲಿ ಓದಿದವರೆಲ್ಲ ಅದನ್ನು ನನಗೇ ತಿರುಗಿಸಿ ಹೇಳುತ್ತಾರೆ: "ರೂಲ್ಸ್ ಇದೆಯಲ್ರೀ!" ಇದೆ. ಆದರೆ ಅದರೊಳಗಿನ ಮಾತನ್ನು ಪೂರ್ತಿ ಓದಿ: ಅದೇ ಪಿಎನ್‌ಆರ್‌ನಲ್ಲಿ ಪ್ರಯಾಣಿಸುತ್ತಿರುವ ತಂದೆ, ತಾಯಿ ಅಥವಾ ಪೋಷಕರು. ಮಗುವನ್ನು ಅಜ್ಜನ ಪಿಎನ್‌ಆರ್‌ಗೆ ಹಾಕಿದರೆ ಅಜ್ಜನ ಪಕ್ಕ ಕೂರಿಸಿದರೂ ನಿಯಮ ಪಾಲಿಸಿದಂತೆಯೇ. ಅಜ್ಜನಿಗೆ ಕಿವಿ ಮಂದ, ಮಗುವಿಗೆ ಅಮ್ಮನೇ ಬೇಕು ಅನ್ನುವುದು ನಿಯಮಕ್ಕೆ ಗೊತ್ತಾಗುವ ವಿಷಯವಲ್ಲ. "ಕನಿಷ್ಠ ಒಬ್ಬರು" ಅನ್ನುವುದನ್ನೂ ಗಮನಿಸಿ. ಇಡೀ ಮನೆಯವರನ್ನು ಒಂದೇ ಸಾಲಿನಲ್ಲಿ ಕೂರಿಸುತ್ತೇವೆ ಅಂತ ಅದರಲ್ಲಿ ಮಾತು ಕೊಟ್ಟಿಲ್ಲ.

ಅಮೆರಿಕದಲ್ಲಿ ಮಗನೋ ಮಗಳೋ ಇರುವವರಿಗೂ ಒಂದು ಮಾತು. ಅಲ್ಲಿ 'ಬೇಸಿಕ್ ಎಕಾನಮಿ' ಅನ್ನುವ ದರ 2012ರಿಂದೀಚೆಗೆ ಬಂದದ್ದು. ಡೆಲ್ಟಾ, ಅಮೆರಿಕನ್, ಯುನೈಟೆಡ್ ಈ ಮೂರು ದೊಡ್ಡ ಕಂಪನಿಗಳೂ 2017ರ ಹೊತ್ತಿಗೆ ಅದಕ್ಕಿಳಿದಿದ್ದವು. ಸಾಮಾನ್ಯವಾಗಿ ಇದರಲ್ಲಿ ಸೀಟು ಮೊದಲೇ ಆರಿಸುವಂತಿಲ್ಲ, ಆರಿಸಿದರೆ ದುಡ್ಡು, ಬದಲಾವಣೆಗೂ ಕಷ್ಟ. 2023ರಲ್ಲಿ ಅಲ್ಲಿನ ಸಾರಿಗೆ ಇಲಾಖೆ, ಮಕ್ಕಳನ್ನು ಪೋಷಕರ ಪಕ್ಕ ಪುಕ್ಕಟೆ ಕೂರಿಸುತ್ತೇವೆಂದು ಖಾತರಿ ಕೊಟ್ಟ ಕಂಪನಿಗಳ ಪಟ್ಟಿಯನ್ನು ಪ್ರಕಟಿಸಿತು. 2024ರ ಆಗಸ್ಟ್‌ನಲ್ಲಿ ಇದನ್ನು ಎಲ್ಲ ಕಂಪನಿಗಳಿಗೂ ಕಡ್ಡಾಯ ಮಾಡುವ ಕರಡನ್ನೂ ಹೊರಡಿಸಿತು. ಕರಡು ನೋಡಿ ಟಿಕೆಟ್ ತೆಗೆಯಬೇಡಿ. ಖಾತರಿ ಕೊಟ್ಟ ಕಂಪನಿಗಳ ಷರತ್ತು ಓದಿದರೆ ಅಲ್ಲೂ ಸಿಗುವುದು ಇದೇ ಮಾತು: ಮಗು ಮತ್ತು ದೊಡ್ಡವರು ಒಂದೇ ಬುಕಿಂಗಿನಲ್ಲಿರಬೇಕು.

"ಆಯ್ತು, ಈಗ ಎರಡನ್ನೂ ಕೂಡಿಸಿಕೊಡಿ" ಅಂತ ಮುಂದಿನ ಬೇಡಿಕೆ. ಅದು ಆಗುವುದಿಲ್ಲ. ಒಂದು ಪಿಎನ್‌ಆರ್ ಒಡೆದು ಎರಡು ಮಾಡಬಹುದು, ಎರಡನ್ನು ಕೂಡಿಸಿ ಒಂದು ಮಾಡಲು ಬರುವುದಿಲ್ಲ. ಒಡೆದ ಹಾಲಿನ ಹಾಗೆ. ನಾವು ಮಾಡುವುದಿಷ್ಟೇ: ಈ ಪಿಎನ್‌ಆರ್‌ನವರು ಆ ಪಿಎನ್‌ಆರ್‌ನವರ ಜೊತೆ ಹೋಗುತ್ತಿದ್ದಾರೆ ಅಂತ ಎರಡರಲ್ಲೂ ಟಿಪ್ಪಣಿ ಹಾಕಿಸುತ್ತೇವೆ. ಅದು ವಿನಂತಿ. ಎಷ್ಟೋ ಸಲ ನಡೆಯುತ್ತದೆ, ನಡೆದೇ ನಡೆಯುತ್ತದೆ ಅಂತ ನಾನು ಯಾರಿಗೂ ಭರವಸೆ ಕೊಡುವುದಿಲ್ಲ.

ಸೀಟಿಗಿಂತ ದೊಡ್ಡ ಪೇಚು ಇನ್ನೊಂದಿದೆ. 2023ರ ಆಗಸ್ಟ್ 31ರಂದು ಶಿವಮೊಗ್ಗದ ಸೋಗಾನೆ ನಿಲ್ದಾಣದಲ್ಲಿ ಪ್ರಯಾಣಿಕರ ವಿಮಾನ ಇಳಿಯಲು ಶುರುವಾದ ಮೇಲೆ ನಮ್ಮ ಮಲೆನಾಡಿನವರಿಗೆ ಇದು ಮನೆ ಬಾಗಿಲಿಗೇ ಬಂದಿದೆ. ಆಷಾಢದ ಮೋಡ ಕವಿದ ದಿನ ವಿಮಾನ ರದ್ದಾಯಿತು ಅನ್ನಿ. ಬದಲಿ ವಿಮಾನಕ್ಕೆ ಜನರನ್ನು ಹಾಕುವುದು ಪಿಎನ್‌ಆರ್ ಪ್ರಕಾರ. ಒಂದು ಪಿಎನ್‌ಆರ್‌ನ ಮೂವರಿಗೆ ಸಂಜೆಯ ವಿಮಾನ, ಇನ್ನೊಂದರ ಇಬ್ಬರಿಗೆ ನಾಳೆಯದು ಬರಬಹುದು. ನನ್ನ ಗ್ರಾಹಕರೊಬ್ಬರಿಗೆ ಹೀಗೇ ಆಗಿತ್ತು. ಸಾಗರ ಕಡೆಯ ಅಡಿಕೆ ಬೆಳೆಗಾರರು, ಬಹಳ ಸಜ್ಜನರು. ದೆಹಲಿಯಿಂದ ವಾಪಸು ಬರುವಾಗ ವಿಮಾನ ರದ್ದಾಯಿತು. ಅವರೂ ದೊಡ್ಡ ಮಗನೂ ರಾತ್ರಿಯೇ ಬೆಂಗಳೂರಿಗೆ ಬಂದರು. ಹೆಂಡತಿ ಮತ್ತು ಚಿಕ್ಕ ಮಗಳು ದೆಹಲಿಯಲ್ಲೇ ಉಳಿದರು. ಆ ಹೆಣ್ಣುಮಗಳಿಗೆ ಹಿಂದಿ ಬಾರದು. ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿ, "ಅಣ್ಣಾ, ಇವರು ಎಂತ ಹೇಳ್ತಿದಾರೋ ಗೊತ್ತಾಗ್ತಿಲ್ಲ" ಅಂದದ್ದು ಇನ್ನೂ ಕಿವಿಯಲ್ಲಿದೆ. ಕೌಂಟರಿನವರಿಗೆ ಫೋನ್ ಕೊಡಿಸಿ, ಮಾತಾಡಿ, ಹೋಟೆಲಿಗೆ ಕಳಿಸಿಯೇ ನಾನು ಮಲಗಿದ್ದು. ಆ ಬುಕಿಂಗ್ ಒಡೆದು ಮಾಡಿದ್ದರಿಂದ ಅವರಿಗೆ ಉಳಿದದ್ದು ಹದಿನಾಲ್ಕು ನೂರು ರೂಪಾಯಿ.

ಬಸ್ಸಿನ ಅಭ್ಯಾಸವೂ ನಮ್ಮವರನ್ನು ದಾರಿ ತಪ್ಪಿಸುತ್ತದೆ. ಬೆಂಗಳೂರಿನ ರಾತ್ರಿ ಬಸ್ಸಿಗೆ ಬುಕ್ ಮಾಡುವಾಗ 5, 6 ಅಂತ ಸೀಟು ಒತ್ತಿಯೇ ದುಡ್ಡು ಕಟ್ಟುತ್ತೇವೆ. ಮೊದಲಾದರೆ ಕಿಟಕಿಯಿಂದ ಟವೆಲ್ ಹಾಕಿದರೆ ಸೀಟು ನಮ್ಮದು. ವಿಮಾನದ ಅಗ್ಗದ ದರದಲ್ಲಿ ನೀವು ಕೊಂಡದ್ದು ಆ ವಿಮಾನದಲ್ಲಿ ಒಂದು ಜಾಗ, ಇಂಥದ್ದೇ ಜಾಗ ಅಲ್ಲ. ಕಿಟಕಿ ಪಕ್ಕ, ದಾರಿ ಪಕ್ಕ ದುಡ್ಡು ಕೊಟ್ಟವರು ಆರಿಸಿಕೊಂಡ ಮೇಲೆ ಉಳಿಯುವುದು ಅಲ್ಲೊಂದು ಇಲ್ಲೊಂದು ನಡುವಿನ ಸೀಟು. ಆಮೇಲೆ ಒಳಗೆ ಹೋಗಿ ಪಕ್ಕದವರನ್ನು "ಸ್ವಲ್ಪ ಬದಲಾಯಿಸಿಕೊಳ್ಳಿ" ಅಂತ ಕೇಳುತ್ತೇವೆ. ಅವರು ಒಪ್ಪಿದರೆ ದೊಡ್ಡ ಮನಸ್ಸು. ಒಪ್ಪದಿದ್ದರೆ ಬೈಯಬೇಡಿ, ಅವರು ಆ ಸೀಟಿಗೆ ದುಡ್ಡು ಕೊಟ್ಟಿರುತ್ತಾರೆ.

ಹಾಗಾದರೆ ಎಲ್ಲರಿಗೂ ಸೀಟಿನ ದುಡ್ಡು ಕಟ್ಟಬೇಕೇ? ಬೇಡ. ಮಗುವನ್ನು ಮಗು ಅಂತಲೇ ಹಾಕಿ, ಅಮ್ಮನ ಪಿಎನ್‌ಆರ್‌ನಲ್ಲೇ ಹಾಕಿ, ವೆಬ್ ಚೆಕ್‌ಇನ್ ತೆರೆದ ಕೂಡಲೇ ಮಾಡಿ. ಒಳನಾಡಿನ ವಿಮಾನಕ್ಕೆ ಸಾಮಾನ್ಯವಾಗಿ 48 ಗಂಟೆ ಮೊದಲು ತೆರೆಯುತ್ತದೆ. ಆಗಲೂ ಬೇರೆ ಬೇರೆ ಬಂದರೆ ಅವತ್ತೇ ಕಂಪನಿಗೆ ಫೋನ್ ಮಾಡಿ, ವಿಮಾನ ಹತ್ತುವ ಗೇಟಿನವರೆಗೆ ಕಾಯಬೇಡಿ. ಇಷ್ಟಾದರೆ ಮಕ್ಕಳ ವಿಷಯ ಬಹುಮಟ್ಟಿಗೆ ಸರಿಹೋಗುತ್ತದೆ.

ನಾನು ದುಡ್ಡು ಕಟ್ಟಿ ಅಂತ ಒತ್ತಾಯ ಮಾಡುವುದು ಅಜ್ಜ ಅಜ್ಜಿಯರಿಗೆ. ಅವರ ಬಗ್ಗೆ ಡಿಜಿಸಿಎಯ ಆ ನಿರ್ದೇಶನದಲ್ಲಿ ಏನೂ ಇಲ್ಲ. ಮಗಳ ಬಾಣಂತನಕ್ಕೆಂದು ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡು ಮೊದಲ ಸಲ ಸಮುದ್ರ ದಾಟುವ ಹೆಂಗಸು ಕನ್ನಡ ಬಿಟ್ಟು ಇನ್ನೊಂದು ಭಾಷೆ ಆಡಿದವರಲ್ಲ. ಸೀಟ್ ಬೆಲ್ಟ್ ಬಿಚ್ಚುವುದು ಹೇಗೆ, ಶೌಚಾಲಯದ ಬಾಗಿಲು ಯಾವ ಕಡೆ ಮಡಚಿಕೊಳ್ಳುತ್ತದೆ, ಸಸ್ಯಾಹಾರದ ಊಟ ಇದೇನಾ ಅಂತ ಯಾರನ್ನು ಕೇಳಬೇಕು? ಗಂಡ ಇಪ್ಪತ್ತು ಸಾಲು ಹಿಂದೆ. ಹದಿನಾರು ಗಂಟೆ ನೀರು ಸಹ ಕುಡಿಯದೆ ಕೂತು ಬಂದವರನ್ನು ನಾನು ಬಲ್ಲೆ, ಎದ್ದು ಹೋಗಬೇಕಾದೀತು ಅನ್ನುವ ಹೆದರಿಕೆಗೆ. ಆ ವಯಸ್ಸಿನಲ್ಲಿ ಅದು ಆರೋಗ್ಯಕ್ಕೆ ಒಳ್ಳೆಯದಲ್ಲ. ಅಲ್ಲಿ ಕುಳಿತು ಟಿಕೆಟ್ ಬುಕ್ ಮಾಡುವ ಮಗ, ಮಗಳು ದಯವಿಟ್ಟು ಅಪ್ಪ ಅಮ್ಮನಿಗೆ ಪಕ್ಕಪಕ್ಕದ ಎರಡು ಸೀಟು ದುಡ್ಡು ಕೊಟ್ಟೇ ತೆಗೆಯಿರಿ. ನಡುವೆ ವಿಮಾನ ಬದಲಿಸುವುದಿದ್ದರೆ ಎರಡನೆಯ ವಿಮಾನಕ್ಕೂ ಸೀಟು ಬಿದ್ದಿದೆಯೇ ನೋಡಿ. ಟಿಕೆಟ್ ಮಾರಿದ ಕಂಪನಿ ಒಂದು, ಹಾರಿಸುವ ಕಂಪನಿ ಇನ್ನೊಂದು ಆದಾಗ ಮೊದಲನೆಯದರಲ್ಲಿ ಆರಿಸಿದ ಸೀಟು ಎಷ್ಟೋ ಸಲ ಎರಡನೆಯದಕ್ಕೆ ತಲುಪಿರುವುದೇ ಇಲ್ಲ.

ಒಂದೇ ಪಿಎನ್‌ಆರ್ ಅಂತ ಇಷ್ಟು ಹೇಳಿದ ಮೇಲೆ, ಒಡೆಯಲೇಬೇಕಾದ ಸಂದರ್ಭವೂ ಇದೆ ಅನ್ನಬೇಕು. ಮಾಮೂಲಿ ಬುಕಿಂಗಿನಲ್ಲಿ ಒಂದು ಪಿಎನ್‌ಆರ್‌ಗೆ 9 ಜನರ ಮಿತಿ. ಈಗ ನನ್ನ ಮೇಜಿನ ಮೇಲೆ ತೀರ್ಥಹಳ್ಳಿ ಕಡೆಯ ಒಂದು ಕೂಡು ಕುಟುಂಬದ ಪಟ್ಟಿ ಇದೆ, ಕಾಶಿಗೆ ಹೊರಟ ಹನ್ನೊಂದು ಜನ. ಒಂಬತ್ತು ಮತ್ತು ಎರಡು ಮಾಡಿದರೆ ಆ ಇಬ್ಬರು ಒಂಟಿಯಾಗುತ್ತಾರೆ. ಆರು ಮತ್ತು ಐದು ಮಾಡಿದ್ದೇನೆ. ಎರಡು ಕಡೆಗೂ ಹಿಂದಿ ಬಲ್ಲವರು ಒಬ್ಬೊಬ್ಬರು, ಸಣ್ಣವರಿಬ್ಬರು ಅವರವರ ಅಮ್ಮಂದಿರ ಜೊತೆ. ಏಳು ವರ್ಷದ ಹುಡುಗನೊಬ್ಬನದೇ ಇನ್ನೂ ತೀರ್ಮಾನವಾಗಿಲ್ಲ. ಅವನು ನನ್ನ ಪಕ್ಕವೇ ಕೂರಬೇಕು ಅಂತ ಅಜ್ಜಿ, ನನ್ನ ಜೊತೆ ಇರಲಿ ಅಂತ ಅವನಮ್ಮ. ಅಜ್ಜಿಯನ್ನೂ ಅವನಮ್ಮ ಇರುವ ಐದು ಜನರ ಕಡೆಗೇ ಹಾಕೋಣವೇ ಅಂತ ನಿನ್ನೆ ಕೇಳಿದ್ದೇನೆ. ಮನೆಯಲ್ಲಿ ಮಾತಾಡಿಕೊಂಡು ನಾಳೆ ಹೇಳುತ್ತಾರಂತೆ. ಅಲ್ಲಿಯವರೆಗೆ ಒಂದು ಟಿಕೆಟನ್ನೂ ನಾನು ಮಾಡುವುದಿಲ್ಲ.