ಕ್ಲಾಸಿನ ಅಟ್ರಿಬ್ಯೂಟ್ ಬದಲಿಸಿದೆ, ಇನ್ನೊಂದು ಫೈಲಿನಲ್ಲಿ ಹಳೆಯದೇ ಏಕೆ ಕಾಣುತ್ತಿದೆ?

ಪ್ರಶ್ನೆ: ಪೈಥಾನ್ ಕಲಿಯುತ್ತಿದ್ದೇನೆ. ಒಂದು ಫೈಲಿನಲ್ಲಿ ಕ್ಲಾಸ್ ಬರೆದು, ಬೇರೆ ಎರಡು ಫೈಲುಗಳಲ್ಲಿ ಇಂಪೋರ್ಟ್ ಮಾಡಿಕೊಂಡಿದ್ದೇನೆ. ಒಂದು ಕಡೆ ಕ್ಲಾಸಿನ ಅಟ್ರಿಬ್ಯೂಟ್ (ಕ್ಲಾಸಿನೊಳಗೆ ಹೆಸರು ಕೊಟ್ಟು ಇಟ್ಟ ವ್ಯಾಲ್ಯೂ) ಬದಲಿಸಿದರೆ ಇನ್ನೊಂದು ಕಡೆ ಹಳೆಯ ವ್ಯಾಲ್ಯೂ ಬರುತ್ತಿದೆ. ಪ್ರತಿ ಫೈಲಿಗೂ ಬೇರೆ ಬೇರೆ ಕ್ಲಾಸ್ ಸಿಗುತ್ತದೆಯೇ?

ಉತ್ತರ: ಇಲ್ಲ, ಸಾಮಾನ್ಯವಾಗಿ ಎಲ್ಲರಿಗೂ ಸಿಗುವುದು ಒಂದೇ ಕ್ಲಾಸ್. ಒಂದು ಮಾಡ್ಯೂಲನ್ನು, ಅಂದರೆ ಕೋಡ್ ಇರುವ ಫೈಲನ್ನು, ಮೊದಲ ಸಲ ಇಂಪೋರ್ಟ್ ಮಾಡಿದಾಗ ಮಾತ್ರ ಪೈಥಾನ್ ಅದರ ಕೋಡನ್ನು ಓಡಿಸುತ್ತದೆ. ಆಮೇಲೆ ಯಾರು ಕೇಳಿದರೂ ನೆನಪಿನಲ್ಲಿಟ್ಟ ಅದೇ ಮಾಡ್ಯೂಲನ್ನು ಕೊಡುತ್ತದೆ. ಹಾಗಾಗಿ ನನ್ನ ಅನುಮಾನ ಇಂಪೋರ್ಟ್ ಮೇಲಲ್ಲ, ನೀವು ವ್ಯಾಲ್ಯೂ ಬರೆದ ಸಾಲಿನ ಮೇಲೆ.

ಆಟ ಎಂಬ ಮಾಡ್ಯೂಲಿನಲ್ಲಿ ಆಟಗಾರ ಎಂಬ ಕ್ಲಾಸ್ ಇದೆ ಎಂದುಕೊಳ್ಳಿ. ಅದರೊಳಗೆ ಒಟ್ಟು = 0 ಎಂದಿದೆ. (ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು, ಈ ಸಾಲುಗಳನ್ನು ನೀವೇ ಓಡಿಸಿ ನೋಡಬಹುದು.) ಎರಡನೇ ಫೈಲಿನಲ್ಲಿ ಹೀಗೆ ಬರೆದಿದ್ದೀರಿ:

ರಾಮ = ಆಟಗಾರ()
ರಾಮ.ಒಟ್ಟು += 1

ಮೂರನೇ ಫೈಲಿನಲ್ಲಿ ಆಟಗಾರ.ಒಟ್ಟು ಎಷ್ಟು ಎಂದು ನೋಡಿದರೆ 0. ಏಕೆಂದರೆ ಓದುವುದು ಒಂದು ರೀತಿ, ಬರೆಯುವುದು ಇನ್ನೊಂದು ರೀತಿ. ಓದುವಾಗ ಪೈಥಾನ್ ರಾಮ ಎಂಬ ಆಬ್ಜೆಕ್ಟಿನಲ್ಲಿ ಆ ಹೆಸರನ್ನು ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ಕ್ಲಾಸಿಗೆ ಹೋಗುತ್ತದೆ, ಅಲ್ಲೂ ಇಲ್ಲದಿದ್ದರೆ ತಾಯಿ ಕ್ಲಾಸಿಗೆ. ಬರೆಯುವಾಗ ಈ ಹುಡುಕಾಟವೆಲ್ಲ ಇಲ್ಲ. ಚುಕ್ಕಿಯ ಎಡಗಡೆ ಯಾರಿದ್ದಾರೋ ಅವರಲ್ಲೇ ಬರೆದುಬಿಡುತ್ತದೆ. ಮೇಲಿನ ಒಂದೇ ಸಾಲಿನಲ್ಲಿ ಎರಡೂ ಆಗಿದೆ: ಕ್ಲಾಸಿನಿಂದ 0 ಓದಿ, 1 ಕೂಡಿಸಿ, ರಾಮನಲ್ಲಿ ಬರೆದಿದೆ. ಈಗ ರಾಮನಿಗೆ ತನ್ನದೇ ಒಟ್ಟು ಇದೆ, ಕ್ಲಾಸಿನದು ಹಾಗೇ ಉಳಿದಿದೆ. ಮೆಥಡ್ ಒಳಗೆ ಸೆಲ್ಫ್ (self, ಅಂದರೆ ಆ ಆಬ್ಜೆಕ್ಟೇ) ಮೂಲಕ ಬರೆದರೂ ಇದೇ ಕಥೆ. ಎಲ್ಲರಿಗೂ ಕಾಣಬೇಕಾದರೆ ಕ್ಲಾಸಿನ ಹೆಸರು ಹಿಡಿದೇ ಬರೆಯಿರಿ:

ಆಟಗಾರ.ಒಟ್ಟು += 1

ಇಲ್ಲೊಂದು ಗೊಂದಲ ಬರುತ್ತದೆ. ಅಟ್ರಿಬ್ಯೂಟ್ ಒಂದು ಲಿಸ್ಟ್ ಆಗಿದ್ದು, ರಾಮನ ಮೂಲಕ ಅದಕ್ಕೆ ಅಪೆಂಡ್ ಮಾಡಿದರೆ ಎಲ್ಲ ಫೈಲುಗಳಲ್ಲೂ ಬದಲಾವಣೆ ಕಾಣುತ್ತದೆ! ಅಲ್ಲಿ ಹೊಸದಾಗಿ ಏನನ್ನೂ ರಾಮನಲ್ಲಿ ಬರೆದಿಲ್ಲ, ಅಲ್ವಾ? ಕ್ಲಾಸಿನ ಲಿಸ್ಟನ್ನು ಓದಿ, ಅದರೊಳಗೇ ಒಂದನ್ನು ಸೇರಿಸಿದ್ದೀರಿ ಅಷ್ಟೇ. ಪ್ರತಿ ಆಬ್ಜೆಕ್ಟಿಗೂ ಬೇರೆ ಲಿಸ್ಟ್ ಬೇಕಿದ್ದರೆ ಅದನ್ನು ಆಬ್ಜೆಕ್ಟ್ ಹುಟ್ಟುವಾಗ ಓಡುವ ಇನಿಟ್ (__init__) ಮೆಥಡ್ ಒಳಗೆ ಸೃಷ್ಟಿಸಬೇಕು. ಕ್ಲಾಸಿನಲ್ಲಿ ಸುಮ್ನೆ ಒಂದು ಖಾಲಿ ಲಿಸ್ಟ್ ಇಟ್ಟು ದಿನಗಟ್ಟಲೆ ತಪ್ಪು ಹುಡುಕುವವರು ಜಾಸ್ತಿ.

ನಿಮ್ಮ ಅನುಮಾನ ನಿಜವಾಗುವ ಸಂದರ್ಭವೂ ಒಂದಿದೆ. ಕ್ಲಾಸ್ ಇರುವ ಫೈಲನ್ನೇ ನೇರವಾಗಿ ಓಡಿಸಿ, ಬೇರೆ ಫೈಲು ಅದನ್ನೇ ಇಂಪೋರ್ಟ್ ಮಾಡಿದರೆ, ಆ ಕೋಡ್ ಎರಡು ಸಲ ಓಡುತ್ತದೆ. ನೇರವಾಗಿ ಓಡಿಸಿದ್ದಕ್ಕೆ ಪೈಥಾನ್ ‘ಮೇನ್’ (__main__) ಎಂಬ ಬೇರೆ ಹೆಸರು ಕೊಟ್ಟಿರುತ್ತದೆ, ಹಾಗಾಗಿ ಇಂಪೋರ್ಟ್ ಮಾಡುವಾಗ ಅದು ಹೊಸ ಮಾಡ್ಯೂಲ್ ಅನಿಸುತ್ತದೆ. ಆಗ ನಿಜಕ್ಕೂ ಎರಡು ಆಟಗಾರ ಕ್ಲಾಸುಗಳು. ಕ್ಲಾಸನ್ನು ಅದರದ್ದೇ ಫೈಲಿಗೆ ಹಾಕಿ, ಓಡಿಸುವ ಫೈಲನ್ನು ಬೇರೆ ಇಟ್ಟರೆ ಸರಿಹೋಗುತ್ತದೆ.

ನಿಮ್ಮದು ಯಾವುದು ಎಂದು ತಿಳಿಯಲು ಎರಡೂ ಫೈಲುಗಳಲ್ಲಿ ಆ ಕ್ಲಾಸಿನ ಐಡಿ (id ಫಂಕ್ಷನ್ ಕೊಡುವ ಗುರುತಿನ ಸಂಖ್ಯೆ) ಪ್ರಿಂಟ್ ಮಾಡಿ. ಒಂದೇ ಓಟದಲ್ಲಿ ಬೇರೆ ಬೇರೆ ಸಂಖ್ಯೆ ಬಂದರೆ ಎರಡು ಕ್ಲಾಸ್ ಇವೆ. ಒಂದೇ ಬಂದರೆ, ಆಬ್ಜೆಕ್ಟಿನ ಸ್ವಂತ ಅಟ್ರಿಬ್ಯೂಟುಗಳನ್ನು ತೋರಿಸುವ ವಾರ್ಸ್ (vars) ಫಂಕ್ಷನ್‌ಗೆ ರಾಮನನ್ನು ಕೊಟ್ಟು ನೋಡಿ. ಒಟ್ಟು ಎಂಬ ಹೆಸರು ಅಲ್ಲಿ ಕಂಡರೆ, ಅದು ರಾಮನ ಸ್ವಂತದ್ದು. ಅದನ್ನು ಡೆಲ್ ಮಾಡಿ (del ರಾಮ.ಒಟ್ಟು ಎಂದು ಅಳಿಸಿ) ಮತ್ತೆ ರಾಮ.ಒಟ್ಟು ಕೇಳಿ, ಕ್ಲಾಸಿನ ವ್ಯಾಲ್ಯೂ ಕಾಣುತ್ತದೆ.