ಬಿಟ್ಟಂಗಾಲದಲ್ಲೂ ‘ಲಿಂಕ್ಸ್’, ಸೇಂಟ್ ಆಂಡ್ರೂಸ್‌ನಲ್ಲೂ ‘ಲಿಂಕ್ಸ್’: ಎರಡೂ ಒಂದೇನಾ?

ಪ್ರಶ್ನೆ: ಜುಲೈನಲ್ಲಿ ಟಿವಿಯಲ್ಲಿ ಗಾಲ್ಫ್‌ನ ಓಪನ್ ಚಾಂಪಿಯನ್‌ಶಿಪ್ ನೋಡುವಾಗ ‘ಲಿಂಕ್ಸ್’ ಎಂಬ ಮಾತು ಪದೇ ಪದೇ ಕೇಳಿಸುತ್ತದೆ. ನಮ್ಮ ಬಿಟ್ಟಂಗಾಲದ ಕೋರ್ಸಿನ ಹೆಸರೂ ಕೂರ್ಗ್ ಗಾಲ್ಫ್ ಲಿಂಕ್ಸ್. ಆದರೆ ಟಿವಿಯಲ್ಲಿ ಕಾಣುವ ಜಾಗದಲ್ಲಿ ಮರವಿಲ್ಲ, ಹುಲ್ಲು ಒಣಗಿದ ಹಾಗಿರುತ್ತದೆ. ಲಿಂಕ್ಸ್ ಎಂದರೇನು? ಓಪನ್ ಅಲ್ಲೇ ಯಾಕೆ ನಡೆಯಬೇಕು?
(ವಿರಾಜಪೇಟೆಯ ಓದುಗರೊಬ್ಬರು)

ಉತ್ತರ: ಕೊಡಗಿನವರಿಗೆ ಇದನ್ನು ಬಾಣೆಯಿಂದ ಶುರುಮಾಡಿ ಹೇಳುವುದೇ ಸುಲಭ. ಗದ್ದೆಯ ಜೊತೆಗೆ ಬಂದ, ಉಳುಮೆ ಮಾಡದೆ ಮೇವಿಗೂ ಸೊಪ್ಪು ಸೌದೆಗೂ ಬಿಟ್ಟ ಜಾಗ ಬಾಣೆ. ಆ ಪದ ಕಿವಿಗೆ ಬಿದ್ದರೆ ನೆಲ ಎಂಥದ್ದೆಂದು ನಮಗೆ ಗೊತ್ತಾಗುತ್ತದೆ. ಸ್ಕಾಟ್ಲೆಂಡಿನ ‘ಲಿಂಕ್ಸ್’ ಕೂಡ ಹಾಗೇ ನೆಲದ ಹೆಸರು. ಕಡಲಿಗೂ ಹೊಲಕ್ಕೂ ನಡುವೆ ಚಾಚಿಕೊಂಡ, ಬೇಸಾಯಕ್ಕೆ ಒಗ್ಗದ ಮರಳು ದಿಬ್ಬಗಳ ಪಟ್ಟಿ ಅದು. ಅಲ್ಲಿ ಕುರಿ ಮೇಯುತ್ತಿದ್ದವು, ಮೊಲಗಳು ಬಿಲ ತೋಡುತ್ತಿದ್ದವು, ಊರಿನವರು ಚೆಂಡು ಹೊಡೆಯುತ್ತಿದ್ದರು. ಗಾಳಿಯಿಂದ ತಪ್ಪಿಸಿಕೊಳ್ಳಲು ಕುರಿಗಳು ಒತ್ತಿ ಮಲಗಿದ ಕುಳಿಗಳೇ ಮುಂದೆ ಬಂಕರ್ (ಚೆಂಡು ಸಿಕ್ಕಿಬೀಳುವ ಮರಳು ಗುಂಡಿ) ಆದವು ಎಂದು ಹೇಳುವುದುಂಟು.

ಮರಳು ನೀರನ್ನು ಹಿಡಿದಿಡುವುದಿಲ್ಲ. ಹಾಗಾಗಿ ಮಳೆ ನಿಂತ ಸ್ವಲ್ಪ ಹೊತ್ತಿಗೆ ನೆಲ ಗಟ್ಟಿಯಾಗುತ್ತದೆ, ಬಿದ್ದ ಚೆಂಡು ಪುಟಿದು ದೂರ ಉರುಳುತ್ತದೆ. ಅಲ್ಲಿನ ಫೆಸ್ಕ್ಯೂ ಹುಲ್ಲು ಎಳೆ ಎಳೆಯಾಗಿ ತೆಳ್ಳಗಿದ್ದು, ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ತಿರುಗುವುದು ಅದರ ಗುಣ. ಆರೈಕೆ ಇಲ್ಲದೆ ಒಣಗಿದ್ದಲ್ಲ. ಮರಗಳಿಲ್ಲದ ಕಾರಣ ಕಡಲ ಗಾಳಿಗೆ ತಡೆಯೂ ಇಲ್ಲ. ಚೆಂಡನ್ನು ಎತ್ತರಕ್ಕೆ ಹೊಡೆದವನು ಅದನ್ನು ಗಾಳಿಯ ಕೈಗೆ ಕೊಟ್ಟಂತೆ. ತಗ್ಗಿಸಿ ಹೊಡೆದು ನೆಲದ ಏರಿಳಿತ ನೋಡಿಕೊಂಡು ಉರುಳಿಸುವವನಿಗೇ ಅಲ್ಲಿ ಬೆಲೆ. ಕಕ್ಕಡದ ಮಳೆಯಲ್ಲಿ ನಮ್ಮ ಕೆಂಪು ಮಣ್ಣಿನ ಮೇಲೆ ಹೀಗೆ ಆಡಲು ಹೋದರೆ ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ.

ಹಾಗಾದರೆ ಬಿಟ್ಟಂಗಾಲದ ಹೆಸರು ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಆಟ ಒಳನಾಡಿಗೆ ಬಂದಾಗ ಪದವೂ ಜೊತೆಗೆ ಬಂತು, ಯಾವ ಗಾಲ್ಫ್ ಮೈದಾನವನ್ನಾದರೂ ಲಿಂಕ್ಸ್ ಎನ್ನುವುದು ರೂಢಿಯಾಯಿತು. 2027ರ ಯುಎಸ್ ಓಪನ್ ನಡೆಯಬೇಕಾದ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಗಾಲ್ಫ್ ಲಿಂಕ್ಸ್ ಕೂಡ ಕಟ್ಟುನಿಟ್ಟಿನ ಅರ್ಥದಲ್ಲಿ ಲಿಂಕ್ಸ್ ಅಲ್ಲ. ಕಡಲು ಪಕ್ಕದಲ್ಲೇ ಇದೆ ನಿಜ, ಆದರೆ ಕೋರ್ಸ್ ಇರುವುದು ಕಡಿದಾದ ಬಂಡೆಗಳ ಮೇಲೆ. ಕಡಲು ಕಂಡ ಮಾತ್ರಕ್ಕೆ ಲಿಂಕ್ಸ್ ಆಗುವುದಿಲ್ಲ, ಕಾಲಡಿ ಮರಳಿರಬೇಕು.

ಇನ್ನು ಓಪನ್. 1860ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಎಂಟೇ ಜನ ಆಟಗಾರರು 12 ಹೋಲ್‌ಗಳ (ಚೆಂಡನ್ನು ಹೊಡೆಯುತ್ತ ಹೋಗಿ ಕುಳಿಗೆ ಸೇರಿಸುವ ಒಂದೊಂದು ಹಂತವೇ ಹೋಲ್) ಕೋರ್ಸನ್ನು ಒಂದೇ ದಿನ ಮೂರು ಸುತ್ತು ಆಡಿದ್ದು ಮೊದಲ ಓಪನ್. ಅಂದಿನಿಂದ ಅದು ಲಿಂಕ್ಸ್ ಬಿಟ್ಟು ಹೋಗಿಲ್ಲ, ಕೆಲವು ಹಳೆಯ ಕೋರ್ಸ್‌ಗಳ ನಡುವೆ ಸರದಿಯಂತೆ ತಿರುಗುತ್ತದೆ. 2026ರ ಸರದಿ ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲ್‌ಗೆ. ಅಲ್ಲಿ ಎತ್ತರದ ಮರಳು ಗುಡ್ಡಗಳ ನಡುವಿನ ತಗ್ಗಿನಲ್ಲಿ ಫೇರ್‌ವೇಗಳು, ಅಂದರೆ ಹುಲ್ಲು ಕತ್ತರಿಸಿದ ಆಟದ ಹಾದಿಗಳು, ಸಾಗುತ್ತವೆ. ಎರಡು ಬೆಟ್ಟದ ಸಂದಿನ ಗದ್ದೆ ಬಯಲನ್ನು ನೆನೆಸಿಕೊಂಡರೆ ಚಿತ್ರ ಸಿಗುತ್ತದೆ. 2027ರದ್ದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್.

ಗಾಲ್ಫ್ ಬಲ್ಲವರಿಗೆ ಓಲ್ಡ್ ಕೋರ್ಸ್ ಎಂದರೆ ತಲಕಾವೇರಿಯ ಹಾಗೆ, ಮೂಲಸ್ಥಾನ. ಅಲ್ಲಿ 22 ಹೋಲ್‌ಗಳ ಆಟವನ್ನು 1764ರಲ್ಲಿ 18ಕ್ಕೆ ಇಳಿಸಿದರು, ಕ್ರಮೇಣ ಲೋಕವೆಲ್ಲ ಅದೇ ಲೆಕ್ಕ ಹಿಡಿಯಿತು. ಹದಿನೆಂಟರಲ್ಲಿ ಹದಿನಾಲ್ಕು ಹೋಲ್‌ಗಳು ಏಳು ದೊಡ್ಡ ಗ್ರೀನ್‌ಗಳನ್ನು (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ಜೋಡಿಯಾಗಿ ಹಂಚಿಕೊಂಡಿವೆ: ಎರಡರ ಜೊತೆ ಹದಿನಾರು, ಮೂರರ ಜೊತೆ ಹದಿನೈದು. ಯಾವ ಜೋಡಿ ಕೂಡಿಸಿದರೂ 18. ನೂರಕ್ಕೂ ಹೆಚ್ಚು ಬಂಕರ್‌ಗಳಿವೆ, ಕೆಲವು ಹತ್ತಿರ ಹೋಗುವವರೆಗೆ ಕಣ್ಣಿಗೇ ಬೀಳುವುದಿಲ್ಲ.

ಗಾಲ್ಫ್‌ನ ಅತಿ ದೊಡ್ಡ ಪಂದ್ಯಾವಳಿಗಳಾದ ನಾಲ್ಕು ಮೇಜರ್‌ಗಳಲ್ಲಿ ಊರು ಬದಲಿಸದಿರುವುದು ಮಾಸ್ಟರ್ಸ್ ಒಂದೇ. 1934ರಿಂದ ಅದು ಅಮೆರಿಕದ ಆಗಸ್ಟಾದಲ್ಲೇ. ಒಂದು ಕಾಲದಲ್ಲಿ ಗಿಡಗಳ ನರ್ಸರಿಯಾಗಿದ್ದ ಆ ಜಾಗದ ಪ್ರತಿ ಹೋಲ್‌ಗೂ ಒಂದೊಂದು ಗಿಡದ ಹೆಸರು. ಇಳಿಜಾರು, ಮರಗಳ ಸಾಲು, ಹೂವು. ತೋಟದ ನಡುವೆ ಬೆಳೆದ ನಮಗೆ ಹತ್ತಿರವೆನಿಸುವುದು ಅದೇ. ಆದರೂ ನನ್ನ ಮನಸ್ಸು ಹೋಗುವುದು ಓಲ್ಡ್ ಕೋರ್ಸ್ ಕಡೆಗೆ. ಅದು ಸಾರ್ವಜನಿಕ ಜಾಗ. ದೊಡ್ಡ ಪಂದ್ಯಗಳ ದಿನ ಬಿಟ್ಟರೆ ಭಾನುವಾರ ಅಲ್ಲಿ ಆಟಕ್ಕೆ ರಜೆ. ಊರಿನವರು ನಾಯಿ ಕರೆದುಕೊಂಡು, ಮಕ್ಕಳ ಕೈ ಹಿಡಿದು ಫೇರ್‌ವೇ ಮೇಲೇ ನಡೆದು ಹೋಗುತ್ತಾರೆ.