ಪಿಯು ಪಾಸಾದರೆ ಸಾಕಾ? ಸಾಲದು, ಲೆಕ್ಕ ಇಲ್ಲಿದೆ

ಪ್ರಶ್ನೆ: ಮಗ ಸೆಕೆಂಡ್ ಪಿಯು, ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ). ಎಂಜಿನಿಯರಿಂಗ್ ಸೀಟು ಕೊಡುವಾಗ ಕಾಲೇಜಿನವರು ಏನೇನು ನೋಡುತ್ತಾರೆ? ಬೋರ್ಡ್ ಪರೀಕ್ಷೆಯಲ್ಲಿ ಪಾಸಾಗಿ, ಸಿಇಟಿ (ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ) ಚೆನ್ನಾಗಿ ಬರೆದರೆ ಸಾಕಲ್ಲವೇ?

ಉತ್ತರ: ಸಾಲದು. ಹೋದ ವರ್ಷವೂ ಇದೇ ಉತ್ತರ ಕೊಟ್ಟಿದ್ದು, ಮುಂದಿನ ವರ್ಷವೂ ಇದೇ ಕೊಡಬೇಕಾಗುತ್ತದೆ ಅಂತ ಗೊತ್ತು.

ಮೊದಲನೆಯದಾಗಿ, ಸಿಇಟಿ ಸೀಟಿಗೆ ಕಾಲೇಜಿನವರು ಏನನ್ನೂ ನೋಡುವುದಿಲ್ಲ. ನೋಡುವುದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಅದು ನೋಡುವುದು ನಿಮ್ಮ ರ‍್ಯಾಂಕ್ ಮತ್ತು ಅರ್ಹತೆ, ಮೀಸಲಾತಿಯ ದಾಖಲೆ, ಅಷ್ಟೇ. ಡ್ರಾಯಿಂಗ್ ಗ್ರೇಡು, ಅಬ್ಯಾಕಸ್, ಕರಾಟೆ ಬೆಲ್ಟಿನ ಸರ್ಟಿಫಿಕೇಟು ಫೈಲಿನಲ್ಲೇ ಬೆಚ್ಚಗಿರಲಿ. ಕ್ರೀಡಾ ಕೋಟಾ, ಎನ್‌ಸಿಸಿ ಕೋಟಾದ ದಾರಿಯೇ ಬೇರೆ.

ಈಗ ರ‍್ಯಾಂಕಿಗೆ ಬನ್ನಿ. ಪಿಯುನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 300 ಅಂಕ. ಸಿಇಟಿಯಲ್ಲಿ ಅದೇ ಮೂರು ವಿಷಯಕ್ಕೆ 60ರಂತೆ 180. ಎರಡನ್ನೂ ಶೇಕಡಾಕ್ಕೆ ತಂದು, ಕೂಡಿಸಿ, ಎರಡರಿಂದ ಭಾಗಿಸುತ್ತಾರೆ. ಅರ್ಧ ಪಿಯು, ಅರ್ಧ ಸಿಇಟಿ. ಕನ್ನಡ, ಇಂಗ್ಲಿಷ್ ಅಂಕ ಈ ಲೆಕ್ಕಕ್ಕಿಲ್ಲ.

ಒಬ್ಬಳಿಗೆ ಪಿಯುನಲ್ಲಿ 288, ಸಿಇಟಿಯಲ್ಲಿ 99 ಅನ್ನಿ. ಶೇ. 96 ಮತ್ತು ಶೇ. 55, ಸರಾಸರಿ 75.5. ಇನ್ನೊಬ್ಬನಿಗೆ ಪಿಯುನಲ್ಲಿ 213, ಸಿಇಟಿಯಲ್ಲಿ 135. ಶೇ. 71 ಮತ್ತು ಶೇ. 75, ಸರಾಸರಿ 73. ಸಿಇಟಿಯಲ್ಲಿ 36 ಅಂಕ ಹೆಚ್ಚು ತೆಗೆದವನೇ ಹಿಂದೆ ಬಿದ್ದ. ಪಿಯುನಲ್ಲಿ 30 ಅಂಕ ಕೈಬಿಟ್ಟರೆ, ಅದನ್ನು ತುಂಬಿಕೊಳ್ಳಲು ಸಿಇಟಿಯಲ್ಲಿ 18 ಪ್ರಶ್ನೆ ಹೆಚ್ಚಿಗೆ ಸರಿಮಾಡಬೇಕು. 80 ನಿಮಿಷಕ್ಕೆ 60 ಪ್ರಶ್ನೆ ಬಿಡಿಸುವ ಪರೀಕ್ಷೆಯಲ್ಲಿ 18 ಅಂದರೆ ಎಷ್ಟು ಅಂತ ಮಗನನ್ನೇ ಕೇಳಿ.

ಆ 300ರಲ್ಲಿ 80 ಅಂಕ ನಿಮ್ಮ ಕಾಲೇಜಿನೊಳಗೇ ಸಿಗುವಂಥದ್ದು: ಭೌತ, ರಸಾಯನ ಪ್ರಾಕ್ಟಿಕಲ್ಸ್‌ಗೆ ತಲಾ 30, ಗಣಿತದ ಇಂಟರ್ನಲ್ಸ್‌ಗೆ 20. ರೆಕಾರ್ಡ್ ಬುಕ್ ಬರೆಯದೆ, ಲ್ಯಾಬಿಗೆ ಚಕ್ಕರ್ ಹೊಡೆದು ಕೋಚಿಂಗ್‌ಗೆ ಓಡುವವರು ಕಳೆದುಕೊಳ್ಳುವುದು ಇವನ್ನೇ.

ಹಾಗಾದರೆ ‘ಪಾಸಾದರೆ ಸಾಕು’ ಅನ್ನುವ ಮಾತು ಹುಟ್ಟಿದ್ದೆಲ್ಲಿ? 2021ರಲ್ಲಿ ಕೋವಿಡ್‌ನಿಂದ ಪಿಯು ಪರೀಕ್ಷೆಯೇ ರದ್ದಾಗಿ, ಆ ವರ್ಷ ಬರೀ ಸಿಇಟಿ ಅಂಕದ ಮೇಲೆ ರ‍್ಯಾಂಕ್ ಕೊಟ್ಟರು. ಆಗ ಸೀಟು ಸಿಕ್ಕ ಅಣ್ಣಂದಿರು, ಅಕ್ಕಂದಿರು ಈಗಲೂ ಅದನ್ನೇ ಹೇಳುತ್ತಿದ್ದಾರೆ. ಜೊತೆಗೆ ವೈದ್ಯಕೀಯದ ನೀಟ್, ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌ಕೆ ಎರಡರಲ್ಲೂ ರ‍್ಯಾಂಕಿಗೆ ಪಿಯು ಅಂಕ ಸೇರುವುದಿಲ್ಲ, ಅರ್ಹತೆಗಷ್ಟೇ ಬೇಕು. ಆ ನಿಯಮವನ್ನು ತಂದು ಸಿಇಟಿಗೆ ಅಂಟಿಸಿಬಿಡುತ್ತಾರೆ. ಸಿಇಟಿಗೂ ಅರ್ಹತೆಯ ಗೆರೆ ಒಂದಿದೆ: ಪಿಸಿಎಂ ಒಟ್ಟು ಶೇ. 45, ಮೀಸಲಾತಿ ವರ್ಗದವರಿಗೆ ಶೇ. 40. ಅದು ಬಾಗಿಲು ದಾಟುವ ಅಂಕ, ಸೀಟು ಕೊಡಿಸುವ ಅಂಕವಲ್ಲ.

ಸಿಬಿಎಸ್‌ಇ, ಐಎಸ್‌ಸಿ ಮಕ್ಕಳ ಅಪ್ಪ-ಅಮ್ಮಂದಿರು ಇದನ್ನು ಓದಿಕೊಳ್ಳಿ: ಪಿಯು ಬೋರ್ಡಿನ ಅಂಕ ಕೆಇಎಗೆ ತಾನಾಗಿ ಹೋಗುತ್ತದೆ, ನಿಮ್ಮದು ಹೋಗುವುದಿಲ್ಲ. ಹನ್ನೆರಡನೇ ತರಗತಿ ಫಲಿತಾಂಶ ಬಂದಮೇಲೆ ಕೆಇಎ ಪೋರ್ಟಲ್‌ನಲ್ಲಿ ನೀವೇ ತುಂಬಬೇಕು. ತುಂಬದಿದ್ದರೆ ರ‍್ಯಾಂಕೇ ಬರುವುದಿಲ್ಲ. ಸಿಇಟಿಯಲ್ಲಿ ನೆಗೆಟಿವ್ ಅಂಕವಿಲ್ಲ, ಹಾಗಾಗಿ ಓಎಂಆರ್‌ನಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಯಾರೂ ಕೇಳದ, ಆದರೆ ಕೇಳಬೇಕಾದ ಇನ್ನೊಂದು ವಿಷಯ: ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮದ್ದು ಶೇ. 5. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ, ಹತ್ತಕ್ಕೆ ಹತ್ತು ವರ್ಷದ ಓದು ಬೇಕು. ನಡುವೆ ಒಂದು ವರ್ಷ ಪಟ್ಟಣದ ಶಾಲೆಗೆ ಹೋಗಿದ್ದರೆ ಗ್ರಾಮೀಣ ಕೋಟಾ ಮರೆತುಬಿಡಿ. ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಿದ್ದು ಕನ್ನಡ ಮಾಧ್ಯಮವಾಗುವುದಿಲ್ಲ. ಗಣಿತ, ವಿಜ್ಞಾನವನ್ನೂ ಕನ್ನಡದಲ್ಲೇ ಓದಿರಬೇಕು. ಓದಿದ ಶಾಲೆ ಎರಡಿದ್ದರೆ ಪ್ರಮಾಣಪತ್ರವೂ ಎರಡು ಕಡೆಯಿಂದ ಬೇಕು, ಮುಖ್ಯೋಪಾಧ್ಯಾಯರ ಸಹಿಯ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೂ ಇರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ, ಹೆಡ್‌ಮೇಷ್ಟ್ರು ಊರಲ್ಲಿರುವುದಿಲ್ಲ. ಜನವರಿಯಲ್ಲೇ ಹೋಗಿ ಮಾಡಿಸಿಟ್ಟುಕೊಳ್ಳಿ.